ಮಗುವಿಗೆ ಇನ್ಸುಲಿನ್ ಹಾಕುವುದನ್ನು ಮನೆಯವರಿಗೆ ಕಲಿಸುವ ಬಗೆ: ವಾರ್ಡಿನ ಸಿಸ್ಟರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಟೈಪ್ 1 ಡಯಾಬಿಟಿಸ್ ಇರುವ ಮಗು ಮನೆಗೆ ಹೋದ ಹದಿನೈದು ದಿನಕ್ಕೇ ವಾಂತಿ, ಏದುಸಿರು ಅಂತ ವಾಪಸ್ ಬರುತ್ತದೆ. ಹಳೆಯ ಕೇಸ್ ಶೀಟ್ ತೆಗೆದು ನೋಡಿದರೆ "ಪಾಲಕರಿಗೆ ತಿಳಿಹೇಳಲಾಗಿದೆ" ಎಂದು ಬರೆದೇ ಇರುತ್ತದೆ. ಸುಳ್ಳೇನಲ್ಲ, ಹೇಳಿರುತ್ತಾರೆ. ಆದರೆ ಹೇಳಿದ್ದು ಡಿಸ್ಚಾರ್ಜ್ ದಿನ ಮಧ್ಯಾಹ್ನ. ಒಂದು ಕಡೆ ಬಿಲ್ಲು, ಇನ್ನೊಂದು ಕಡೆ ಔಷಧಿ ಚೀಟಿ, ಹೊರಗೆ ಜಗಳೂರಿನ ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುವ ಮಾವ. ಹತ್ತು ನಿಮಿಷದಲ್ಲಿ ಎಲ್ಲ ಒಟ್ಟಿಗೆ ಹೇಳಿ, "ಗೊತ್ತಾಯ್ತೇನಮ್ಮ?" ಎಂದರೆ "ಹ್ಞೂಂ ಸಿಸ್ಟರ್" ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಆ ಹ್ಞೂಂ ಮರ್ಯಾದೆಗೆ ಹೇಳುವ ಮಾತು. ಅದನ್ನು ನಂಬಿ ಕಳಿಸಬಾರದು.

ಎಷ್ಟು ಯೂನಿಟ್, ಯಾವ ಇನ್ಸುಲಿನ್ ಎಂಬುದು ಡಾಕ್ಟರ ತೀರ್ಮಾನ. ಇಲ್ಲಿರುವುದು ಕಲಿಸುವ ಕೆಲಸ ಮಾತ್ರ. ಡ್ರಿಪ್ ತೆಗೆದು ಮಗು ಬಾಯಿಂದ ಊಟ ಶುರು ಮಾಡಿದ ದಿನವೇ ಮೊದಲ ಹಂತ ಆರಂಭಿಸಿ. ದಿನಕ್ಕೆ ಎರಡು ಸಲ ಕೂರಿಸಿಕೊಳ್ಳಿ, ಪ್ರತಿ ಸಲ ಒಂದೇ ವಿಷಯ, ಹದಿನೈದು-ಇಪ್ಪತ್ತು ನಿಮಿಷ ಸಾಕು.

## ಮೊದಲು ಕೈಗೆ ಸಿಗಬೇಕಾದ ಸಾಮಾನು

ಮನೆಗೆ ಹೋಗುವ ಸಾಮಾನಿನಲ್ಲೇ ಕಲಿಸಿ. ವಾರ್ಡಿನಲ್ಲಿ ಇನ್ಸುಲಿನ್ ಪೆನ್ ಹಿಡಿದು ಕಲಿತವಳಿಗೆ ಮನೆಯಲ್ಲಿ ವಯಲ್ (ಇನ್ಸುಲಿನ್ ಸೀಸೆ) ಮತ್ತು ಸಿರಿಂಜು ಸಿಕ್ಕರೆ ಕಲಿತದ್ದೆಲ್ಲ ನೀರುಪಾಲು. ಬೇಕಾಗುವುದು ಇಷ್ಟು: ಅದೇ ಇನ್ಸುಲಿನ್, ಅದಕ್ಕೆ ಹೊಂದುವ ಸಿರಿಂಜುಗಳು, ಅಭ್ಯಾಸಕ್ಕೆ ಸಲೈನ್ ಮತ್ತು ಒಂದು ದಪ್ಪ ಸ್ಪಂಜು, ಅವರದೇ ಗ್ಲುಕೋಮೀಟರ್ ಮತ್ತು ಪಟ್ಟಿಗಳು, ಮೂತ್ರದ ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಕರಗಿ ಹುಟ್ಟುವ ಆಮ್ಲ) ನೋಡುವ ಪಟ್ಟಿ, ಸಕ್ಕರೆ ಮತ್ತು ಚಮಚ, ಬಳಸಿದ ಸೂಜಿ ಹಾಕಲು ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಂದು ನೋಟ್‌ಬುಕ್. ಜೊತೆಗೆ ಮನೆಯವರ ಮೊಬೈಲು; ಅದರ ಉಪಯೋಗ ಮುಂದೆ ಬರುತ್ತದೆ.

## ಹಂತ 1: ಸೂಜಿ ಹಾಕುವ ಕೈ ಯಾವುದು, ಪತ್ತೆ ಮಾಡಿ

ಮಂಚದ ಪಕ್ಕ ಕೂತವರೇ ಮನೆಯಲ್ಲಿ ನೋಡಿಕೊಳ್ಳುವವರು ಎಂದು ತಿಳಿದರೆ ಮೊದಲ ಹೆಜ್ಜೆಯೇ ತಪ್ಪು. ಅಪ್ಪ-ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಕೂಲಿಗೆ ಬೆಳಿಗ್ಗೆ ಆರಕ್ಕೇ ಹೊರಡುವ ಮನೆಯಲ್ಲಿ ತಿಂಡಿ ಕೊಡುವುದು ಅಕ್ಕನೋ ಚಿಕ್ಕಮ್ಮನೋ ಆಗಿರಬಹುದು. ಚಿತ್ರದುರ್ಗ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸು ಮನೆಯಿಂದ ಹೊರಗಿರುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. "ಆ ದಿನಗಳಲ್ಲಿ ಮಗುವಿಗೆ ಸೂಜಿ ಯಾರು ಹಾಕ್ತಾರಮ್ಮ?" ಎಂದು ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ರೂಢಿ ಸರಿಯೋ ತಪ್ಪೋ ಎಂಬ ಉಪನ್ಯಾಸಕ್ಕೆ ಇದು ಹೊತ್ತಲ್ಲ. ಇಂಜೆಕ್ಷನ್ ಒಂದು ಹೊತ್ತೂ ತಪ್ಪಬಾರದು, ಅಷ್ಟೇ.

ಹಾಗಾಗಿ ಕಲಿಯುವವರು ಕನಿಷ್ಠ ಇಬ್ಬರಿರಲಿ. ಇಬ್ಬರೂ ಬರುವವರೆಗೆ ಹಂತ 4 ಮುಗಿಯಿತೆಂದು ಬರೆಯಬೇಡಿ.

ಭಾಷೆಯನ್ನೂ ಇಲ್ಲೇ ನೋಡಿಕೊಳ್ಳಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಮಾತು ತೆಲುಗು ಇರುವವರು, ತಾಂಡಾಗಳಿಂದ ಬರುವ ಲಂಬಾಣಿ ತಾಯಂದಿರು, ಉರ್ದು ಮಾತಾಡುವವರು ಎಲ್ಲರೂ ವ್ಯವಹಾರಕ್ಕೆ ಕನ್ನಡ ಆಡುತ್ತಾರೆ. ಆದರೆ ಗಾಬರಿಯಲ್ಲಿ ಕನ್ನಡ ಅರ್ಧವೇ ಕಿವಿಗೆ ಬೀಳುತ್ತದೆ. ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆಯಿರಿ. ಕಾಯಿಲೆಯ ಮಗುವನ್ನೇ ದುಭಾಷಿ ಮಾಡಿಕೊಳ್ಳಬೇಡಿ. ತನ್ನ ಪ್ರಾಣಾಪಾಯದ ಮಾತನ್ನು ಮಗು ತಾನೇ ಅಮ್ಮನಿಗೆ ಹೇಳುವಂತಾಗಬಾರದು. ಹೇಳಿದರೂ ಭಯದ ಭಾಗ ನುಂಗಿ ಹೇಳುತ್ತದೆ.

## ಹಂತ 2: ಸಿರಿಂಜಿಗೂ ಮೊದಲು ಎರಡು ಮಾತು

ಮೊದಲ ಮಾತು, ಯಾರ ತಪ್ಪೂ ಅಲ್ಲ ಎಂಬುದು. "ಸಿಹಿ ಜಾಸ್ತಿ ತಿನ್ನಿಸಿದೆ, ಅದಕ್ಕೇ ಬಂತು" ಎಂದು ಅತ್ತೆ ಸೊಸೆಯನ್ನು ದೂರುವುದು ಸಾಮಾನ್ಯ. ತಪ್ಪಿತಸ್ಥ ಭಾವನೆಯಲ್ಲಿರುವ ತಾಯಿ ಪ್ರಶ್ನೆ ಕೇಳುವುದಿಲ್ಲ. ಅತ್ತೆಯನ್ನೂ ಕೂರಿಸಿಕೊಂಡೇ ಹೇಳಿ: ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ದೇಹವೇ ನಾಶ ಮಾಡಿದೆ, ತಿಂಡಿಯಿಂದ ಬಂದದ್ದಲ್ಲ.

ಎರಡನೆಯದು, ಇನ್ಸುಲಿನ್ ನಿಲ್ಲಿಸುವ ಹಾಗೇ ಇಲ್ಲ ಎಂಬುದು. ಊರಿನಲ್ಲಿ ದೊಡ್ಡವರ ಶುಗರ್‌ಗೆ ಮಾತ್ರೆ ಸಾಕಾಗಿದ್ದನ್ನು ಎಲ್ಲರೂ ನೋಡಿರುತ್ತಾರೆ. ಅದಕ್ಕೇ ನಾಟಿ ಔಷಧಿ, ಕಷಾಯದ ಸಲಹೆ ಬಂದೇ ಬರುತ್ತದೆ. "ಬೇರೆ ಔಷಧಿ ಕೊಡಬೇಡಿ" ಎಂದು ಗದರಿಸಿದರೆ ಮುಚ್ಚಿಟ್ಟು ಕೊಡುತ್ತಾರೆ. "ಏನು ಕೊಡಬೇಕೆನಿಸಿದರೂ ಮೊದಲು ನಮಗೊಂದು ಫೋನ್ ಮಾಡಿ. ಇನ್ಸುಲಿನ್ ಮಾತ್ರ ಯಾರು ಹೇಳಿದರೂ ನಿಲ್ಲಿಸಬೇಡಿ, ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಬರುತ್ತದೆ" ಎಂದು ಬಿಡಿಸಿ ಹೇಳಿ.

ಇಷ್ಟೇ ಸಾಕು. ಮುಂದೆ ಕಣ್ಣು ಹೋಗುತ್ತದೆ, ಕಿಡ್ನಿ ಹೋಗುತ್ತದೆ ಎಂಬ ಪಟ್ಟಿ ಈ ವಾರ ಬೇಡವೇ ಬೇಡ.

## ಹಂತ 3: ವಯಲ್ಲಿಗೆ ತಕ್ಕ ಸಿರಿಂಜು

ಎಲ್ಲಕ್ಕಿಂತ ಅಪಾಯದ ತಪ್ಪು ಆಗುವುದು ಇಲ್ಲೇ. ಆಸ್ಪತ್ರೆಯಿಂದ ಸರಿಯಾದ ಸಿರಿಂಜು ಕೊಟ್ಟಿರುತ್ತೀರಿ. ಅದು ಮುಗಿದ ಮೇಲೆ ಊರಿನ ಮೆಡಿಕಲ್ ಶಾಪಿನಲ್ಲಿ ಇದ್ದದ್ದನ್ನು ಕೊಡುತ್ತಾರೆ.

ನಮ್ಮಲ್ಲಿ ವಯಲ್ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಬರುತ್ತದೆ: ಒಂದು ಎಂ.ಎಲ್.ಗೆ 40 ಯೂನಿಟ್, ಇಲ್ಲವೇ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ 10ರ ಗೀರಿಗೆ ಎಳೆದರೆ ಮಗುವಿಗೆ ಹೋಗುವುದು 4 ಯೂನಿಟ್ ಮಾತ್ರ. ಶುಗರ್ ಏರುತ್ತಲೇ ಹೋಗುತ್ತದೆ, ಡೋಸ್ ಸಾಲದೆಂದು ಡಾಕ್ಟರು ಹೆಚ್ಚಿಸುತ್ತಾರೆ, ಗೋಜಲು ಇನ್ನಷ್ಟು ಬಿಗಿಯುತ್ತದೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 10ಕ್ಕೆ ಎಳೆದರೆ 25 ಯೂನಿಟ್ ಹೋಗುತ್ತದೆ. ಚಿಕ್ಕ ಮಗುವಿಗೆ ಅದು ಮಾರಕ. ಪೆನ್ನಿನ ಕಾರ್ಟ್ರಿಡ್ಜಿನೊಳಗೆ ಇರುವುದು 100ರದ್ದು. ಪೆನ್ ಕೆಟ್ಟಿತೆಂದು ಅದರಿಂದ ಕೆಂಪು ಸಿರಿಂಜಿಗೆ ಎಳೆಯುವುದೂ ಇದೇ ಅನಾಹುತ.

ಕಲಿಸುವಾಗ ಎರಡೂ ಬಗೆಯ ಸಿರಿಂಜು ಮೇಜಿನ ಮೇಲೆ ಬೆರೆಸಿಡಿ. "ನಿಮ್ಮ ಸೀಸೆಗೆ ಯಾವುದು, ತೆಗೆದು ಕೊಡಿ" ಎನ್ನಿ. ಓದಲು ಬಾರದವರೂ ಬಣ್ಣ ಗುರುತಿಸುತ್ತಾರೆ. ಖಾಲಿ ಮುಚ್ಚಳವೊಂದನ್ನು ನೋಟ್‌ಬುಕ್ಕಿಗೆ ಅಂಟಿಸಿ ಕೊಟ್ಟುಬಿಡಿ, ಅಂಗಡಿಯಲ್ಲಿ ಅದನ್ನೇ ತೋರಿಸಿ ಕೇಳಲಿ. ಆದರೆ ಬಣ್ಣ ಒಂದನ್ನೇ ನಂಬದೆ ಸಿರಿಂಜಿನ ಮೈಮೇಲಿನ ಅಂಕಿಯನ್ನೂ ವಯಲ್ಲಿನ ಅಂಕಿಯನ್ನೂ ಜೋಡಿಸಿ ನೋಡುವುದನ್ನು ಓದುಬಲ್ಲ ಒಬ್ಬರಿಗಾದರೂ ಕಲಿಸಿ.

ಇನ್ನು ಗೀರು. ಕೆಂಪು ಮುಚ್ಚಳದ ಒಂದು ಎಂ.ಎಲ್. ಸಿರಿಂಜಿನಲ್ಲಿ ಒಂದು ಚಿಕ್ಕ ಗೀರಿಗೆ 1 ಯೂನಿಟ್. 100ರ ಒಂದು ಎಂ.ಎಲ್. ಸಿರಿಂಜಿನಲ್ಲಿ ಬಹುಪಾಲು ಒಂದು ಗೀರಿಗೆ 2 ಯೂನಿಟ್. ಸಲೈನಿನಲ್ಲಿ "ಎಂಟು ಎಳೆಯಿರಿ, ಈಗ ಹನ್ನೊಂದು ಎಳೆಯಿರಿ" ಎಂದು ಐದಾರು ಸಲ ಮಾಡಿಸಿ. ಐದಕ್ಕೆ ಐದೂ ಸರಿ ಬರಬೇಕು. ಬೆರಳಿನಿಂದ ಗೀರು ಎಣಿಸುವ ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಅದು ಈಗಲೇ ತಿಳಿಯುತ್ತದೆ, ಕನ್ನಡಕದ ದಾರಿ ನೋಡಿ.

ಡೋಸಿನ ಗೀರಿನ ಪಕ್ಕ ಟೇಪು ಸುತ್ತಿ ಕೊಡುವ ಪದ್ಧತಿ ಕೆಲವು ಕಡೆ ಇದೆ. ಡೋಸ್ ಬದಲಾದ ದಿನ ಹಳೆಯ ಟೇಪಿನ ಮಾದರಿಯನ್ನು ಕಿತ್ತು ಎಸೆದದ್ದು ಖಾತ್ರಿಯಾಗದಿದ್ದರೆ ಅದೇ ಉರುಳಾಗುತ್ತದೆ. ನೋಟ್‌ಬುಕ್ಕಿನಲ್ಲಿ ಸೂರ್ಯನ ಚಿತ್ರದ ಮುಂದೆ ಬೆಳಗಿನ ಅಂಕಿ, ಚಂದ್ರನ ಮುಂದೆ ರಾತ್ರಿಯ ಅಂಕಿ ಬರೆದು, ಬದಲಾದಾಗ ಇಡೀ ಹಾಳೆ ಬದಲಿಸುವುದು ವಾಸಿ.

## ಹಂತ 4: ಎಳೆಯುವುದು, ಚುಚ್ಚುವುದು

ನೀವು ಒಮ್ಮೆ ಮಾತಾಡುತ್ತ ಮಾಡಿ ತೋರಿಸಿ. ಆಮೇಲೆ ತಾಯಿ ಸ್ಪಂಜಿನ ಮೇಲೆ ಮಾಡಲಿ. ಮೂರನೆಯದಾಗಿ, ನಿಜವಾದ ಡೋಸನ್ನು ನಿಮ್ಮ ಕಣ್ಣೆದುರು ಅವಳೇ ಹಾಕಲಿ. ನಿಮ್ಮ ಕೈ ಬೆನ್ನ ಹಿಂದೆ ಇರಲಿ. ತಪ್ಪು ಕಂಡ ತಕ್ಷಣ ಸಿರಿಂಜು ಕಸಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಕಸಿದುಕೊಂಡರೆ ಅವಳು ಕಲಿಯುವುದು ಒಂದೇ: ಇದು ನನ್ನ ಕೈಲಾಗದ ಕೆಲಸ.

ಕ್ರಮ ಹೀಗೆ:

1. ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳುವುದು. ವಯಲ್ಲಿನ ಹೆಸರು, ಅವಧಿ, ತೆರೆದ ತಾರೀಕು ನೋಡುವುದು.
2. ಹಾಲಿನಂತೆ ಬಿಳಿ ಇರುವ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ತಲೆಕೆಳಗು ಮಾಡುವುದು. ಕುಲುಕಬಾರದು, ನೊರೆ ಬರುತ್ತದೆ. ಉರುಳಿಸದೇ ಎಳೆದರೆ ಮೊದಲ ದಿನಗಳಲ್ಲಿ ಔಷಧಿ ಒಂದು ಬಗೆ, ಸೀಸೆ ಮುಗಿಯುವ ಹೊತ್ತಿಗೆ ಇನ್ನೊಂದು ಬಗೆ.
3. ಎಷ್ಟು ಯೂನಿಟ್ಟೋ ಅಷ್ಟು ಗಾಳಿ ಒಳಗೆ ತಳ್ಳಿ, ವಯಲ್ ಬೋರಲು ಹಿಡಿದು ಔಷಧಿ ಎಳೆಯುವುದು.
4. ಗುಳ್ಳೆ ಇದ್ದರೆ ಬೆರಳಿನಿಂದ ತಟ್ಟಿ ಮೇಲೆ ತಂದು ವಾಪಸ್ ತಳ್ಳುವುದು. ಗುಳ್ಳೆ ಒಳಗೆ ಹೋದರೆ ಮಗು ಸಾಯುತ್ತದೆಂದು ತಾಯಂದಿರು ಹೆದರುತ್ತಾರೆ. ಹಾಗೇನೂ ಇಲ್ಲ, ಗುಳ್ಳೆ ಕೂತಷ್ಟು ಜಾಗದ ಔಷಧಿ ಕಡಿಮೆಯಾಗುತ್ತದೆ, ಅದೇ ತೊಂದರೆ.
5. ಹೆಬ್ಬೆರಳು, ತೋರುಬೆರಳಿನಲ್ಲಿ ಚರ್ಮವನ್ನು ಮಡಿಕೆ ಎತ್ತುವುದು. ಮುಷ್ಟಿಯಲ್ಲಿ ಹಿಡಿದರೆ ಮಾಂಸಖಂಡವೂ ಬರುತ್ತದೆ. ಸಣಕಲು ಮಗುವಿಗೆ ಸಿರಿಂಜಿನ ಸೂಜಿ ಓರೆಯಾಗಿ, 45 ಡಿಗ್ರಿಯಲ್ಲಿ. 4 ಮಿಲಿಮೀಟರಿನ ಪೆನ್ ಸೂಜಿ ನೇರವಾಗಿ.
6. ನಿಧಾನ ತಳ್ಳಿ, ಹತ್ತು ಎಣಿಸಿ, ಸೂಜಿ ತೆಗೆಯುವುದು. ಆ ಜಾಗ ತಿಕ್ಕಬಾರದು.

ಸ್ಪಿರಿಟ್ ಹಚ್ಚಿದರೆ ಅದು ಆರುವವರೆಗೆ ಕಾಯಬೇಕು, ಹಸಿ ಇದ್ದಾಗ ಚುಚ್ಚಿದರೆ ಉರಿಯುತ್ತದೆ. ಸ್ನಾನ ಮಾಡಿದ ಶುಚಿಯಾದ ಚರ್ಮಕ್ಕೆ ಸ್ಪಿರಿಟ್ಟೇ ಬೇಕೆಂದಿಲ್ಲ.

ಎರಡು ಇನ್ಸುಲಿನ್ ಬೆರೆಸುವ ಡೋಸಾದರೆ ನೀರಿನಂತೆ ತಿಳಿಯಾದದ್ದು ಮೊದಲು, ಬಿಳಿಯದು ಆಮೇಲೆ. ಎಳೆಯುವ ಮುಂಚೆ ಬಿಳಿಯ ವಯಲ್ಲಿಗೆ ಗಾಳಿ ತಳ್ಳಿ ಇಟ್ಟುಬಿಡಬೇಕು. ಗ್ಲಾರ್ಜಿನ್ ಎಂಬ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ತಿಳಿಯಾಗಿಯೇ ಇರುತ್ತದೆ, ಆದರೆ ಅದನ್ನು ಯಾವುದರ ಜೊತೆಗೂ ಬೆರೆಸಬಾರದು. "ತಿಳಿ ಮೊದಲು" ಎಂದಷ್ಟೇ ಕಲಿಸಿದರೆ ಇಲ್ಲಿ ಎಡವುತ್ತಾರೆ.

ಜಾಗ: ಹೊಟ್ಟೆ (ಹೊಕ್ಕುಳಿಂದ ಎರಡು ಬೆರಳು ಬಿಟ್ಟು), ತೊಡೆಯ ಮುಂಭಾಗ-ಹೊರಭಾಗ, ಕುಂಡೆಯ ಮೇಲ್ಭಾಗ, ತೋಳಿನ ಹಿಂಭಾಗ. ಬೆಳಿಗ್ಗೆ ಹೊಟ್ಟೆಯಾದರೆ ದಿನಾ ಬೆಳಿಗ್ಗೆ ಹೊಟ್ಟೆಯೇ, ರಾತ್ರಿ ತೊಡೆಯಾದರೆ ತೊಡೆಯೇ. ಆದರೆ ನಿನ್ನೆ ಚುಚ್ಚಿದ ಕಡೆಯಿಂದ ಒಂದು ಬೆರಳು ಸರಿಸಿ. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿ ಮೆತ್ತನೆಯ ಗಂಟಾಗುತ್ತದೆ. ಗಂಟಿನಲ್ಲಿ ನೋವು ಕಡಿಮೆ, ಹಾಗಾಗಿ "ಇಲ್ಲೇ ಹಾಕಮ್ಮ" ಎಂದು ಮಗುವೇ ತೋರಿಸುತ್ತದೆ. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಹತ್ತುವುದಿಲ್ಲ, ಒಂದು ದಿನ ಒಮ್ಮೆಲೇ ಹತ್ತುತ್ತದೆ.

ಊಟದ ಹೊತ್ತೂ ಡೋಸಿನಷ್ಟೇ ಮುಖ್ಯ. ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು. ಬೇಗ ಹತ್ತುವ ಲಿಸ್ಪ್ರೊ, ಆಸ್ಪಾರ್ಟ್‌ನಂಥವು ಊಟಕ್ಕೆ ಕೂರುವ ಹೊತ್ತಿಗೆ. ಒಲೆಯ ಮೇಲಿನ ಮುದ್ದೆ ಇಳಿದದ್ದು ನೋಡಿಕೊಂಡು ಸೂಜಿ ಹಾಕಲಿ. ಇಂಜೆಕ್ಷನ್ ಆದ ಮೇಲೆ ಗ್ಯಾಸ್ ಮುಗಿದರೆ ಮಗು ಕುಸಿಯುತ್ತದೆ.

ಮಗುವಿನ ಜೊತೆ ಮಾತು: "ಸ್ವಲ್ಪವೂ ನೋವಾಗಲ್ಲ" ಎಂದು ಸುಳ್ಳು ಹೇಳಬೇಡಿ, "ಇರುವೆ ಕಚ್ಚಿದ ಹಾಗೆ ಒಂದು ಕ್ಷಣ" ಎನ್ನಿ. "ಗಲಾಟೆ ಮಾಡಿದ್ರೆ ಸಿಸ್ಟರ್ ಸೂಜಿ ಹಾಕ್ತಾರೆ ನೋಡು" ಎಂದು ಹೆದರಿಸುವುದನ್ನು ಮನೆಯವರಿಂದ ಬಿಡಿಸಿ. ದಿನಾ ಸೂಜಿ ಬೇಕಾದ ಮಗುವಿಗೆ ಸೂಜಿ ಶಿಕ್ಷೆಯಾಗಬಾರದು. ಎಡತೊಡೆಯೋ ಬಲತೊಡೆಯೋ ಎಂಬ ಆಯ್ಕೆ ಮಗುವಿಗಿರಲಿ, ಹಾಕಿಸಿಕೊಳ್ಳುವುದೋ ಬೇಡವೋ ಎಂಬುದು ಬೇಡ. ಹತ್ತು-ಹನ್ನೆರಡು ವರ್ಷದವರು ತಾವೇ ಚುಚ್ಚಿಕೊಳ್ಳಬಲ್ಲರು, ಆದರೆ ಗೀರು ನೋಡುವುದು ದೊಡ್ಡವರ ಕೆಲಸವಾಗಿಯೇ ಇರಲಿ.

ತಾಯಿ ಸರಿಯಾಗಿ ಹಾಕಿದ ಸಲ ಅವರದೇ ಮೊಬೈಲಿನಲ್ಲಿ ಅವಳ ಕೈಗಳ ವಿಡಿಯೊ ಮಾಡಿಕೊಡಿ. ಬೇರೆ ಯಾರದ್ದೋ ವಿಡಿಯೊಗಿಂತ, ತಾನೇ ಮಾಡಿದ್ದನ್ನು ನೋಡಿದರೆ ಧೈರ್ಯ ಬರುತ್ತದೆ.

## ಹಂತ 5: ಶುಗರ್ ನೋಡುವುದು

ಇದನ್ನು ಬೇಗ ಕಲಿಯುತ್ತಾರೆ. ಎರಡು ತಪ್ಪು ತಪ್ಪಿಸಿದರೆ ಸಾಕು. ಬಾಳೆಹಣ್ಣೋ ಮಾವೋ ಹಿಡಿದ ಕೈ ತೊಳೆಯದೆ ಚುಚ್ಚಿದರೆ ರಕ್ತದಲ್ಲಿ ಇಲ್ಲದ ಶುಗರನ್ನು ಮೀಟರ್ ತೋರಿಸುತ್ತದೆ. ಪಟ್ಟಿಯ ಡಬ್ಬಿ ತೆರೆದಿಟ್ಟರೆ ಪಟ್ಟಿಗಳು ಕೆಡುತ್ತವೆ. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ.

## ಹಂತ 6: ಶುಗರ್ ಇಳಿದಾಗ

ಮೀಟರಿನಲ್ಲಿ 70ಕ್ಕಿಂತ (mg/dL) ಕೆಳಗೆ ಬಂದರೆ ಲೋ ಶುಗರ್. ಬೆವರು, ನಡುಕ, ಹಸಿವು, ತಲೆನೋವು, ಇದ್ದಕ್ಕಿದ್ದಂತೆ ಸಿಡುಕು ಅಥವಾ ಮಂಕು. ಚಿಕ್ಕ ಮಗು ಹೇಳಲಾರದು, ಕಾರಣವಿಲ್ಲದ ಹಟ ಕಂಡರೂ ಬೆರಳು ಚುಚ್ಚಿ ನೋಡಲಿ. ಮೀಟರ್ ಕೈಗೆ ಸಿಗದಿದ್ದರೆ ಲೋ ಎಂದೇ ತಿಳಿದು ಸಕ್ಕರೆ ಕೊಡಲಿ.

ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ: 15 ಕೆ.ಜಿ. ತೂಕಕ್ಕೆ ಒಂದು ಟೀ ಚಮಚ, 30 ಕೆ.ಜಿ.ಗೆ ಎರಡು, 50 ಕೆ.ಜಿ.ಗೆ ಮೂರು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರಿಲ್ಲವಾದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಊಟ ದೂರವಿದ್ದರೆ ಎರಡು ಬಿಸ್ಕತ್ತು ಅಥವಾ ಒಂದು ಹಿಡಿ ಮಂಡಕ್ಕಿ. ಚಾಕೊಲೇಟು, ಲಾಡು ಬೇಡ. ಕೊಬ್ಬಿನ ಜೊತೆಗಿರುವ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಶುಗರ್ ಇರುವ ಮಗುವಿಗೆ ಸಕ್ಕರೆ ಕೊಡಿ ಎಂದರೆ ಮನೆಯವರ ಕೈ ಹಿಂಜರಿಯುತ್ತದೆ. ಅದಕ್ಕೇ ಇಲ್ಲಿ ಮಾತಿನಲ್ಲಿ ಬಿಡಬೇಡಿ, ನಿಮ್ಮೆದುರು ಚಮಚದಲ್ಲಿ ಅಳೆಸಿ ಕದಡಿಸಿ.

ಪ್ರಜ್ಞೆ ತಪ್ಪಿದರೆ ಅಥವಾ ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ಹಾಕಬಾರದು, ನೀರೂ ಕೂಡದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್. ಗ್ಲುಕಗಾನ್ (ಇಳಿದ ಶುಗರನ್ನು ಏರಿಸುವ ಔಷಧಿ) ಬರೆದುಕೊಟ್ಟಿದ್ದರೆ ಅದನ್ನು ಹಾಕುವುದು ಹೇಗೆಂದು ಇದೇ ಹಂತದಲ್ಲಿ ಮಾಡಿಸಿ.

## ಹಂತ 7: ಜ್ವರ, ವಾಂತಿ ಬಂದಾಗ

"ಏನೂ ತಿಂದಿಲ್ಲ, ಅದಕ್ಕೆ ಇನ್ಸುಲಿನ್ ಹಾಕಲಿಲ್ಲ." ವಾಪಸ್ ಬಂದ ಮಕ್ಕಳ ತಾಯಂದಿರು ಮತ್ತೆ ಮತ್ತೆ ಹೇಳುವ ಮಾತಿದು, ಕೇಳಲು ನ್ಯಾಯವಾಗಿಯೂ ಕಾಣುತ್ತದೆ. ಜ್ವರದಲ್ಲಿ ಊಟವಿಲ್ಲದಿದ್ದರೂ ಶುಗರ್ ಏರುತ್ತದೆ, ಇನ್ಸುಲಿನ್ ಇಲ್ಲದಿದ್ದರೆ ಕೊಬ್ಬು ಕರಗಿ ಕೀಟೋನ್ ತುಂಬಿಕೊಳ್ಳುತ್ತದೆ. ಡೋಸ್ ಕಡಿಮೆ ಮಾಡಬೇಕೇ, ಹೆಚ್ಚಿಸಬೇಕೇ ಎಂದು ಫೋನ್ ಮಾಡಿ ಕೇಳಲಿ. ಪೂರ್ತಿ ನಿಲ್ಲಿಸುವುದು ಮಾತ್ರ ಇಲ್ಲ. ಮೂರು-ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, 250 ದಾಟಿದರೆ ಮೂತ್ರದಲ್ಲಿ ಕೀಟೋನ್ ನೋಡಲಿ. ಗುಟುಕು ಗುಟುಕಾಗಿ ನೀರು ಕೊಡುತ್ತಿರಲಿ.

ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಹೊಟ್ಟೆನೋವಿಗೆಂದು ಹೊಸ ಜಾಗಕ್ಕೆ ಹೋದರೆ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸುವ ಸಂಭವ ಉಂಟು. ಬಾಗಿಲಲ್ಲೇ ಹೇಳಬೇಕಾದ ಮಾತನ್ನು ತಾಯಿಗೆ ಬಾಯಿಪಾಠ ಮಾಡಿಸಿ: "ಈ ಮಗುವಿಗೆ ಟೈಪ್ 1 ಡಯಾಬಿಟಿಸ್, ಇನ್ಸುಲಿನ್ ನಡೀತಿದೆ, ಮೊದಲು ಶುಗರ್ ನೋಡಿ." ಮೊಳಕಾಲ್ಮೂರಿನಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಬರುವುದೆಂದರೆ ಉದ್ದದ ದಾರಿ. ಆದ್ದರಿಂದ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದ್ದು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿ.

## ಹಂತ 8: ಇನ್ಸುಲಿನ್ ಇಡುವ ಜಾಗ

ತೆರೆಯದ ವಯಲ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನಲ್ಲಿ. ಫ್ರೀಜರಿನಲ್ಲಾಗಲಿ ಅದಕ್ಕೆ ಒತ್ತಿಕೊಂಡಾಗಲಿ ಇಡಬಾರದು. ಒಮ್ಮೆ ಗಟ್ಟಿಯಾದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ತೆರೆದ ವಯಲ್ 28 ದಿನ ಮಾತ್ರ. 40ರ 10 ಎಂ.ಎಲ್. ವಯಲ್ಲಿನಲ್ಲಿ 400 ಯೂನಿಟ್ ಇರುತ್ತದೆ; ದಿನಕ್ಕೆ 8 ಯೂನಿಟ್ ಹಾಕುವ ಮಗುವಿಗೆ 50 ದಿನ ಬರುವಂತೆ ಕಾಣುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಅರ್ಧಕ್ಕೇ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ತೆರೆದ ದಿನವೇ ಎಸೆಯುವ ತಾರೀಕನ್ನೂ ಸೀಸೆಗೆ ಅಂಟಿಸಿಬಿಡಿ.

ಫ್ರಿಜ್ ಇಲ್ಲದ ಮನೆಗೆ ಮಡಕೆ. ದೊಡ್ಡ ಮಣ್ಣಿನ ಮಡಕೆಯಲ್ಲಿ ಮರಳು ತುಂಬಿ, ನಡುವೆ ಚಿಕ್ಕ ಕುಡಿಕೆ ಹೂತು, ಮರಳಿಗೆ ಬೆಳಿಗ್ಗೆ ಸಂಜೆ ನೀರು ಹಾಕುವುದು. ವಯಲ್ಲನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಕುಡಿಕೆಯೊಳಗೆ ಇಟ್ಟು, ಮೇಲೆ ಒದ್ದೆ ಬಟ್ಟೆ. ನೆರಳಿರಬೇಕು, ಗಾಳಿಯಾಡಬೇಕು, ಒಲೆಯಿಂದ ದೂರ. ಚಳ್ಳಕೆರೆ ಕಡೆಯ ಒಣ ಬಿಸಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ; ಮಳೆಗಾಲದ ತೇವದಲ್ಲಿ ತಂಪು ಕಡಿಮೆ. ಬೈಕಿನ ಡಿಕ್ಕಿ, ಬಸ್ಸಿನ ಬಾನೆಟ್ಟು, ಕಿಟಕಿಯ ಬಿಸಿಲು ಮೂರೂ ಬೇಡ. ತಿಳಿ ಇನ್ಸುಲಿನ್ ಮಬ್ಬಾದರೆ, ಬಿಳಿಯದರಲ್ಲಿ ಉರುಳಿಸಿದರೂ ಹೋಗದ ಹರಳು ಕಂಡರೆ ಎಸೆಯಬೇಕು.

## ಹಂತ 9: ಶಾಲೆ ಮತ್ತು ಜಾತ್ರೆ

ಶಾಲೆಯ ಮೇಷ್ಟ್ರಿಗೆ ಒಂದು ಪುಟದ ಚೀಟಿ ಸಾಕು: ಲೋ ಶುಗರಿನ ಲಕ್ಷಣ, ಎಷ್ಟು ಚಮಚ ಸಕ್ಕರೆ, ಮನೆಯ ಫೋನ್ ನಂಬರ್. ಜೊತೆಗೆ ಮೂರು ಕೋರಿಕೆ. ಬಿಸಿಯೂಟ ತಡವಾದ ದಿನ ಈ ಮಗುವಿಗೆ ಮೊದಲು ಏನಾದರೂ ಕೊಡಿ, ಮೂತ್ರಕ್ಕೆ ಕೇಳಿದರೆ ತಡೆಯಬೇಡಿ, ಮಂಕಾದರೆ ಒಬ್ಬನೇ ಮನೆಗೆ ಕಳಿಸಬೇಡಿ.

ನಾಯಕನಹಟ್ಟಿ ತೇರು, ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥ ದಿನಗಳ ಬಗ್ಗೆ ಬೇರೆಯಾಗಿಯೇ ಹೇಳಿ. ಓಡಾಟ ಹೆಚ್ಚು, ಊಟದ ಹೊತ್ತು ತಪ್ಪುತ್ತದೆ, ಬಿಸಿಲು ಸುಡುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲೇಬೇಕು, ರಾತ್ರಿ ಮಲಗುವ ಮುಂಚೆ ಶುಗರ್ ನೋಡಲೇಬೇಕು. ಹಗಲಿನ ಓಡಾಟಕ್ಕೆ ಶುಗರ್ ಇಳಿಯುವುದು ನಡುರಾತ್ರಿ.

## ಹಂತ 10: ಕಳಿಸುವ ಮುನ್ನ ಪರೀಕ್ಷೆ

"ಗೊತ್ತಾಯ್ತಾ?" ಎಂಬ ಪ್ರಶ್ನೆ ಇವತ್ತಿನಿಂದ ಬಿಟ್ಟುಬಿಡಿ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಮ್ಮ. ಮನೆಯಲ್ಲಿ ಅಜ್ಜಿ ಕೇಳಿದರೆ ಹೇಗೆ ಹೇಳ್ತೀರಿ, ಹೇಳಿ" ಎನ್ನಿ. ಪರೀಕ್ಷೆಯ ಭಾರ ನಿಮ್ಮ ಮೇಲಿದ್ದರೆ ಅವಳು ಬಾಯಿ ಬಿಡುತ್ತಾಳೆ. ಈ ಸಂದರ್ಭಗಳನ್ನು ಕೊಟ್ಟು ಕೇಳಿ:

- ಬೆಳಿಗ್ಗೆ ಸೂಜಿ ಹಾಕಿದ ಮೇಲೆ ಮಗು ತಿಂಡಿ ವಾಂತಿ ಮಾಡಿತು. ಏನು ಮಾಡ್ತೀರಿ?
- ಮೆಡಿಕಲ್ ಶಾಪಿನಲ್ಲಿ ಬೇರೆ ಬಣ್ಣದ ಮುಚ್ಚಳದ ಸಿರಿಂಜು ಕೊಟ್ಟರು.
- ರಾತ್ರಿ ಎರಡು ಗಂಟೆಗೆ ಮಗು ಬೆವತು ನಡುಗುತ್ತಿದೆ.
- ಮಗುವಿಗೆ ಜ್ವರ, ಊಟ ಬೇಡ ಅಂತಿದೆ. ರಾತ್ರಿ ಇನ್ಸುಲಿನ್?

ಇವುಗಳಲ್ಲಿ ಒಂದಕ್ಕೆ ತಡವರಿಸಿದರೂ ಆ ಹಂತ ಮತ್ತೊಮ್ಮೆ. ಇಬ್ಬರಲ್ಲಿ ಪ್ರತಿಯೊಬ್ಬರೂ ಕನಿಷ್ಠ ಮೂರು ನಿಜವಾದ ಡೋಸನ್ನು ಸಹಾಯವಿಲ್ಲದೆ ಹಾಕಿರಲಿ. ಹಾಸಿಗೆ ಬೇಕೆಂದು ಒತ್ತಡವಿದ್ದರೆ ಡಾಕ್ಟರಿಗೆ "ಕಲಿಕೆ ಮುಗಿದಿಲ್ಲ, ಇಂಥ ಹಂತ ಬಾಕಿ" ಎಂದು ಬರಹದಲ್ಲಿ ಕೊಡಿ. ಕೇಸ್ ಶೀಟಿನಲ್ಲೂ "ತಿಳಿಹೇಳಲಾಗಿದೆ" ಬದಲು ಯಾರು, ಯಾವ ಹಂತವನ್ನು, ಸ್ವತಃ ಮಾಡಿ ತೋರಿಸಿದರು ಎಂದು ಬರೆಯಿರಿ.

ಮನೆಗೆ ಹೋದ ಮೂರನೇ ದಿನ ಫೋನ್ ಮಾಡಿ. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಾರೆ. "ಇವತ್ತು ಬೆಳಿಗ್ಗೆ ಎಷ್ಟು ಗೀರು ಎಳೆದಿರಿ, ಎಲ್ಲಿ ಹಾಕಿದಿರಿ, ಶುಗರ್ ಎಷ್ಟಿತ್ತು?" ಎಂದು ಕೇಳಿ. ಮೊದಲ ಭೇಟಿಗೆ ವಯಲ್, ಸಿರಿಂಜು, ಮೀಟರ್ ಜೊತೆ ಬಳಸಿದ ಸೂಜಿಯ ಡಬ್ಬಿಯನ್ನೂ ತರಲು ಹೇಳಿ. ದಿನಕ್ಕೆ ಎರಡರಂತೆ ಹದಿನೈದು ದಿನಕ್ಕೆ ಮೂವತ್ತು ಸಿರಿಂಜು ಇರಬೇಕಾದ ಡಬ್ಬಿಯಲ್ಲಿ ಐದಾರೇ ಇದ್ದರೆ, ಒಂದೋ ಡೋಸ್ ತಪ್ಪುತ್ತಿದೆ, ಇಲ್ಲವೇ ದುಡ್ಡಿಲ್ಲದೆ ಒಂದೇ ಸೂಜಿ ಮೊಂಡಾಗುವವರೆಗೆ ನಡೆಯುತ್ತಿದೆ. ಎರಡಕ್ಕೂ ಬೈಗುಳ ಮದ್ದಲ್ಲ. ಯಾವುದೆಂದು ಕೇಳಿ ತಿಳಿದು, ಸಿರಿಂಜಿನ ಕೊರತೆಯಾದರೆ ಮುಂದಿನ ಭೇಟಿವರೆಗೆ ಸಾಕಾಗುವಷ್ಟು ಆಸ್ಪತ್ರೆಯಿಂದ ಕೊಡಿಸಲು ನೋಡಿ. ಆಮೇಲೆ ಅಂಗಿ ಎತ್ತಿ, ಹೊಟ್ಟೆ-ತೊಡೆಯ ಮೇಲೆ ಬೆರಳಾಡಿಸಿ ಗಂಟು ಹುಡುಕಿ. ಸಿಕ್ಕರೆ ತಾಯಿಯ ಬೆರಳನ್ನೂ ಅದರ ಮೇಲಿಡಿಸಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಆ ಗೆರೆಯೊಳಗೆ ಸೂಜಿ ಬೇಡ ಎನ್ನಿ. ಹೊಸ ಜಾಗದಲ್ಲಿ ಇನ್ಸುಲಿನ್ ಚೆನ್ನಾಗಿ ಹತ್ತಿ ಶುಗರ್ ಇಳಿಯಬಹುದು. ಡೋಸ್ ಕಡಿಮೆ ಮಾಡಬೇಕೇ ಎಂದು ಡಾಕ್ಟರನ್ನು ಅದೇ ದಿನ ಕೇಳಿ.